ಗದ್ದೆ ಗಾಡಿಯೂ ಮುದ್ದೆ ಕೋಲೂ

ಗಾಡಿಯನ್ನು ಬಿಚ್ಚುವಾಗ ನನಗಿದ್ದ ಅನುಮಾನ ಒಂದೇ: ಇದನ್ನು ಮತ್ತೆ ಜೋಡಿಸಲು ನನ್ನಿಂದ ಆಗುತ್ತದೆಯೇ? ಜೋಡಿಸಿ ಮುಗಿಸಿದ ದಿನ ಅನುಮಾನಗಳು ಹನ್ನೊಂದಾದವು. ಕೊಟ್ಟಿಗೆಯಲ್ಲಿ ಹಾಸಿದ್ದ ಗೋಣಿಚೀಲದ ಮೇಲೆ ಹನ್ನೊಂದು ನಟ್ಟು ಬೋಲ್ಟುಗಳು ಉಳಿದುಕೊಂಡಿದ್ದವು. ಗಾಡಿ ನಿಂತಿತ್ತು, ಚಕ್ರ ತಿರುಗುತ್ತಿತ್ತು, ಹ್ಯಾಂಡಲ್ ಇರಬೇಕಾದ ಜಾಗದಲ್ಲೇ ಹ್ಯಾಂಡಲ್ ಇತ್ತು. ಹಾಗಿದ್ದರೆ ಇವು ಎಲ್ಲಿಯವು, ಇವಿಲ್ಲದೆ ಗಾಡಿ ಯಾವ ಧೈರ್ಯದ ಮೇಲೆ ನಿಂತಿದೆ ಎಂದು ನಾನು ತಲೆ ಕೆರೆದುಕೊಳ್ಳುತ್ತ ಕೂತಿದ್ದಾಗ, ಹಾಲು ಕರೆಯಲು ಬಂದ ಅವ್ವ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಅವು ಬ್ಯಾಡ್ದೇ ಇದ್ದವು ಅನ್ಸುತ್ತೆ ಬುಡು,” ಎಂದಳು. “ನಾನೂವೆ ತಂದಿದ್ ಸೊಪ್ಪನ್ನೆಲ್ಲ ಸಾರಿಗೆ ಆಕ್ಬುಡ್ತೀನಾ?”

ನನಗೆ ಅದು ಸರಿ ಅನ್ನಿಸಿತು. ಅಷ್ಟು ಗೊಂದಲದಲ್ಲಿದ್ದೆ.

ನಾನು ಮೆಕ್ಯಾನಿಕ್ ಅಲ್ಲ. ಮಂಡ್ಯದ ಒಂದು ಕೊರಿಯರ್ ಆಫೀಸಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಯಾರದೋ ಡಬ್ಬಗಳನ್ನು ಯಾವುದೋ ಊರಿನ ಚೀಲಗಳಿಗೆ ಹಾಕುವವನು. ಮದುವೆ ಸೀಸನ್ನಿನಲ್ಲಿ ಇನ್ನೊಂದು ಕೆಲಸವಿದೆ. ರಿಸೆಪ್ಷನ್ನಿನ ದಿನ ಆರ್ಕೆಸ್ಟ್ರಾದವರು ಊಟಕ್ಕೆ ಎದ್ದಾಗ ಹತ್ತು ನಿಮಿಷ ಮೈಕು ನನ್ನದು. ಮಳವಳ್ಳಿ ಬಸ್ಸಿನ ಕಂಡಕ್ಟರು ಫುಟ್‌ಬೋರ್ಡಿನ ಮೇಲಿರುವವರನ್ನು ಒಳಗೆ ತಳ್ಳುವ ರೀತಿ, ದನದ ಡಾಕ್ಟರು ಎಮ್ಮೆಯ ಹಿಂದೆ ನಿಂತುಕೊಂಡೇ ಫೋನಿನಲ್ಲಿ ಹೆಂಡತಿಗೆ ಉತ್ತರ ಕೊಡುವ ರೀತಿ, ಡೇರಿ ಸೆಕ್ರೆಟರಿ ಹಾಲಿಗೆ ನೀರು ಬೆರೆಸಿದವರ ಹೆಸರೆತ್ತದೆ, ಆದರೆ ಊರಿಗೆಲ್ಲ ಗೊತ್ತಾಗುವ ಹಾಗೆ ಬಯ್ಯುವ ರೀತಿ, ಎಲ್ಲ ಮಾಡುತ್ತೇನೆ. ಎಷ್ಟೋ ಸಲ ಅವರೇ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಇದುವರೆಗೆ ಯಾರೂ ಹೊಡೆದಿಲ್ಲ. ಏಕೆಂದರೆ ಕೊನೆಯಲ್ಲಿ ನನ್ನನ್ನೇ ಮಾಡಿ ತೋರಿಸುತ್ತೇನೆ: ಹೆಣ್ಣು ನೋಡಲು ಹೋದಲ್ಲಿ “ಏನ್ ಕೆಲ್ಸ ಮಾಡ್ಕಂಡಿದ್ದೀಯಪ್ಪ” ಎಂದು ಕೇಳಿದ ತಕ್ಷಣ ಕೆಮ್ಮು ಬರುವ ಹುಡುಗನನ್ನು.

ಈ ವಿದ್ಯೆಯಿಂದ ನನಗೊಂದು ಕಾಯಿಲೆ ಅಂಟಿಕೊಂಡಿದೆ. ಒಬ್ಬರ ಹಾಗೆ ಮಾತಾಡಲು ಬಂದರೆ ಅವರ ಕೆಲಸವೂ ಬಂತು ಎಂದು ಒಳಗೆಲ್ಲೋ ನಂಬಿಬಿಡುತ್ತೇನೆ. ಮೆಕ್ಯಾನಿಕ್‌ಗಳನ್ನು ನಾನು ಬಹಳ ಚೆನ್ನಾಗಿ ಮಾಡುತ್ತೇನೆ. ನಟ್ಟು ಬಿಚ್ಚುವ ಪಾನಾವನ್ನು ಕೈಯಲ್ಲಿ ತಿರುಗಿಸುವುದು, ಎಂಜಿನ್ ನೋಡದೆ ಆಕಾಶ ನೋಡುವುದು, ಬಾಯಿಯ ಒಂದು ಮೂಲೆಯಿಂದ “ಇದನ್ಯಾರು ಬಿಚ್ಚಿದ್ದು” ಎಂದು ಕೇಳುವುದು. ಗದ್ದೆ ಗಾಡಿಗೆ ಕೈ ಹಾಕಲು ನನ್ನಲ್ಲಿದ್ದ ಬಂಡವಾಳ ಇಷ್ಟೇ.

ಗದ್ದೆ ಗಾಡಿ ಎಂದರೆ ಈಗಿನವರು ಡರ್ಟ್ ಬೈಕ್ ಅನ್ನುವುದು. ಅಪ್ಪನ ಕಾಲದಲ್ಲಿ ಆ ಹೆಸರು ಇತ್ತೋ ಇಲ್ಲವೋ ಗೊತ್ತಿಲ್ಲ. ಹುಟ್ಟಿನಲ್ಲಿ ಅದು ರಸ್ತೆಯ ಮೇಲೆ ಓಡುವ ಸಭ್ಯ ಗಾಡಿಯೇ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಹಳೆಯ ಟೂ ಸ್ಟ್ರೋಕ್. ಕಿಕ್ ಹೊಡೆಯುವ ಲಿವರನ್ನೇ ಮಡಚಿ ಗೇರು ಮಾಡಿಕೊಳ್ಳಬೇಕಾದ, ಗೊತ್ತಿಲ್ಲದವರು ಹತ್ತಿದರೆ ಮಾನ ಕಳೆಯುವ ಜಾತಿ. ಅಪ್ಪ ಮದುವೆಗೆ ಮುಂಚೆ ಅದರ ಲೈಟು ಕಿತ್ತು, ಮಡ್‌ಗಾರ್ಡ್ ಎತ್ತರಿಸಿ, ಸೈಲೆನ್ಸರನ್ನು ತೊಡೆಯ ಮಟ್ಟಕ್ಕೆ ಏರಿಸಿ, ಮಣ್ಣು ಕಚ್ಚುವ ಬಟನ್ ಟೈರು ಹಾಕಿಸಿ, ಭತ್ತ ಕೊಯ್ದ ಮೇಲೆ ಖಾಲಿ ಬಿದ್ದ ಗದ್ದೆಗಳಲ್ಲಿ ಬದುವಿನಿಂದ ಬದುವಿಗೆ ಹಾರಿಸುವ ಪಂದ್ಯಗಳಿಗೆ ಹೋಗುತ್ತಿದ್ದ. ಮದ್ದೂರಿನ ಕಡೆ ಒಂದಷ್ಟು ಸಲ, ಬಸರಾಳಿನ ಕಡೆ ಒಂದೆರಡು ಸಲ. ಗೆದ್ದದ್ದು ಒಮ್ಮೆ, ಅದೂ ಎರಡನೇ ಬಹುಮಾನ, ಒಂದು ಸ್ಟೀಲ್ ಬಕೆಟ್. ಅದು ಈಗಲೂ ನಮ್ಮ ಬಚ್ಚಲಲ್ಲಿದೆ. “ಅಷ್ಟ್ ಬಿದ್ದು ಎದ್ದು ಮಾಡಿದ್ಕೆ ಒಂದ್ ಬಕೀಟು,” ಎಂದು ಅವ್ವ ನೀರು ತುಂಬುವಾಗಲೆಲ್ಲ ಹೇಳುತ್ತಾಳೆ. ಮೊದಲನೇ ಬಹುಮಾನ ಏನಿತ್ತು ಎಂದು ಕೇಳಿದರೆ ಅಪ್ಪ ಮಾತು ಬದಲಿಸುತ್ತಾನೆ.

ನನಗೆ ಏಳು ವರ್ಷವಾಗುವವರೆಗೂ ಆ ಗಾಡಿ ಓಡುತ್ತಿತ್ತು. ಅದರ ಸದ್ದೇ ನಾನು ಕಲಿತ ಮೊದಲ ಮಿಮಿಕ್ರಿ. ಮೂರು ಕಿಕ್ಕಿಗೆ ಕೆಮ್ಮುವುದು, ನಾಲ್ಕನೆಯದಕ್ಕೆ ಹಿಡಿದುಕೊಳ್ಳುವುದು, ಒಂದನೇ ಗೇರಿನಲ್ಲಿ ಗುರುಗುಟ್ಟುವುದು, ಕೊನೆಗೆ ನಾಲೆ ಏರಿ ಮೇಲೆ ದೂರವಾಗುತ್ತ ತೆಳ್ಳಗಾಗುವುದು. ಶಾಲೆಯ ಗೆಳೆಯರಿಗೆ ಮಾಡಿದರೆ ಅವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅಪ್ಪನಿಗೆ ಮಾಡಿದರೆ ಅವನು ಜಗಲಿಯ ಮೇಲೆ ಕೂತಲ್ಲೇ ಎರಡೂ ಕೈ ಮುಂದೆ ಚಾಚಿ ಹ್ಯಾಂಡಲ್ ಹಿಡಿದು, ಕಣ್ಣು ಮುಚ್ಚಿ, ಹೊಟ್ಟೆ ಕುಣಿಯುವ ಹಾಗೆ ನಗುತ್ತಿದ್ದ. ಆಮೇಲೆ ಗಾಡಿ ನಿಂತಿತು. ಏಕೆ ನಿಂತಿತು ಎಂದು ಯಾರಿಗೂ ನೆನಪಿಲ್ಲ. ಕೊಟ್ಟಿಗೆಯ ಮೂಲೆ ಸೇರಿತು, ಅದರ ಸೀಟಿನ ಮೇಲೆ ಕೋಳಿಗಳು ಮಲಗತೊಡಗಿದವು.

ಅಪ್ಪ ಶಿವನಸಮುದ್ರದಲ್ಲಿ ಕರೆಂಟು ತಯಾರಿಸುವ ಕಡೆ ಕೆಲಸಕ್ಕಿದ್ದು ಈಚೆಗೆ ನಿವೃತ್ತನಾದವನು. ಅವನ ಕಿವಿ ಮಂದವಾದದ್ದು ಅಲ್ಲಿಯ ಸದ್ದಿನಿಂದಲ್ಲ. ತಾತನಿಗೂ ದೊಡ್ಡಪ್ಪನಿಗೂ ಐವತ್ತು ದಾಟುತ್ತಲೇ ಹೀಗೇ ಆಗಿತ್ತು. ನಮ್ಮ ಮನೆಯ ಗಂಡಸರಿಗೆ ಜಮೀನಿನ ಜೊತೆ ತಪ್ಪದೆ ಬರುವುದು ಇದೊಂದೇ. ನನಗೂ ಇನ್ನು ಇಪ್ಪತ್ತೈದು ವರ್ಷ ಉಳಿದಿದೆ. ಅಪ್ಪನ ಕಿವಿ ಹೋಗುತ್ತಿದೆ ಎಂದು ಮನೆಯಲ್ಲಿ ಮೊದಲು ಗೊತ್ತಾದದ್ದು ನನಗೇ. ಒಂದು ಹಬ್ಬದ ದಿನ ಎಲ್ಲರೂ ಸೇರಿದ್ದಾಗ ಡೇರಿ ಸೆಕ್ರೆಟರಿಯನ್ನು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಅಪ್ಪ ಎಲ್ಲರ ಮುಖಗಳನ್ನೂ ಒಂದು ಸುತ್ತು ನೋಡಿ, ಅವರೆಲ್ಲ ನಕ್ಕು ಮುಗಿಸುವಾಗ ನಕ್ಕ. ಮಿಮಿಕ್ರಿ ಮಾಡುವವನಿಗೆ ಈ ತಡ ಗೊತ್ತಾಗದೆ ಇರುವುದಿಲ್ಲ. ಬರುಬರುತ್ತ ತಡವಾಗಿ ನಗುವುದನ್ನೂ ಬಿಟ್ಟ. ತಂದುಕೊಟ್ಟ ಕಿವಿ ಮೆಷಿನ್ನು ಅದರ ಡಬ್ಬದಲ್ಲೇ ಇದೆ. “ಅದ್ರಲ್ಲಿ ಫ್ಯಾನ್ ಸದ್ದೊಂದೇ ಚೆಂದಾಗಿ ಕೇಳೋದು, ಫ್ಯಾನ್ ಏನ್ ಏಳ್ತದೆ ನಂಗೆ,” ಎನ್ನುತ್ತಾನೆ.

ಮೂರು ವರ್ಷದಿಂದ ಅಪ್ಪ ನನ್ನ ಯಾವ ಐಟಮ್ಮಿಗೂ ನಕ್ಕಿರಲಿಲ್ಲ. ಊರೆಲ್ಲ ನಗುತ್ತಿತ್ತು, ಮಂಡ್ಯದ ಕಲ್ಯಾಣ ಮಂಟಪಗಳು ನಗುತ್ತಿದ್ದವು, ಮನೆಗೆ ಬಂದರೆ ನಾನು ಬಾಯಿ ಆಡಿಸುವ ಮನುಷ್ಯ ಅಷ್ಟೇ. ಆಗ ಹೊಳೆದದ್ದು ಕೊಟ್ಟಿಗೆಯ ಗಾಡಿ. ಅದರ ಸೈಲೆನ್ಸರಿನ ಒಳಗಿನ ಸಾಮಾನನ್ನೆಲ್ಲ ಅಪ್ಪನೇ ಹಿಂದೆ ಕಿತ್ತು ಹಾಕಿದ್ದ. ಅದು ಓಡಿದರೆ ಮೂರು ಊರಿಗೆ ಕೇಳುತ್ತದೆ. ಮೂರು ಊರಿಗೆ ಕೇಳುವುದು ಅಪ್ಪನಿಗೆ ಕೇಳದೆ ಇರುತ್ತದೆಯೇ? ಲೆಕ್ಕ ಸರಿಯಾಗೇ ಇತ್ತು, ಗಾಡಿ ಒಂದು ಬಿಟ್ಟು.

ಬಿಚ್ಚುವುದು ಹೇಗೆ ಎಂದು ಫೋನಿನಲ್ಲಿ ವಿಡಿಯೋ ಹುಡುಕಿದೆ. ಅದೇ ಎಂಜಿನ್ನಿನ ವಿಡಿಯೋ ಸಿಕ್ಕಿತು. ಮಾತಾಡುವವನ ಭಾಷೆ ಯಾವುದೆಂದು ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ. ಅವನು ಒಂದೊಂದು ಭಾಗ ಬಿಚ್ಚಿದಾಗಲೂ ಕ್ಯಾಮೆರಾ ನೋಡಿ ಬೆರಳೆತ್ತಿ ಏನೋ ಗಂಭೀರವಾಗಿ ಎಚ್ಚರಿಸುತ್ತಿದ್ದ. ಮೂರು ದಿನದಲ್ಲಿ ನಾನು ಅವನ ಹಾಗೆ ಮಾತಾಡಲು ಕಲಿತೆ. ಏನು ಹೇಳುತ್ತಿದ್ದೇನೆಂದು ಗೊತ್ತಿಲ್ಲದೆ ಕೋಳಿಗಳನ್ನು ಎಚ್ಚರಿಸುತ್ತ ಗಾಡಿ ಬಿಚ್ಚಿದೆ. ಅಪ್ಪ ಬಾಗಿಲಲ್ಲಿ ಬಂದು ನಿಂತು ನೋಡಿದ.

“ಅದ್ಯಾಕ್ಲಾ ಈಗ?”

“ಸುಮ್ನೆ ಕಣಪ್ಪ,” ಎಂದೆ.

“ಆಂ?”

“ಸುಮ್ನೆ,” ಎಂದು ಕೂಗಿದೆ.

“ಉಮ್ನೇನಾ? ಅದ್ಯಾವ್ದು ಊರು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಬಿಚ್ಚಿದ್ದನ್ನು ನಾನು ಬಹಳ ಶಿಸ್ತಿನಿಂದ ನಾಲ್ಕು ಡಬ್ಬಗಳಲ್ಲಿ ಇಟ್ಟಿದ್ದೆ. ಎಂಜಿನ್ನಿನವು ಒಂದರಲ್ಲಿ, ಗೇರಿನವು ಒಂದರಲ್ಲಿ, ಹೀಗೆ. ಆದರೆ ನಮ್ಮ ಮನೆಯಲ್ಲಿ ಮುಚ್ಚಳವಿರುವ ಯಾವ ವಸ್ತುವಿಗೂ ತನ್ನಿಷ್ಟದಂತೆ ಬದುಕುವ ಹಕ್ಕಿಲ್ಲ. ಮುಚ್ಚಳ ಕಂಡರೆ ಅವ್ವನ ಕೈ ತಡೆಯುವುದಿಲ್ಲ. ಮುಂದಿನ ಭಾನುವಾರ ಬಂದು ನೋಡಿದರೆ ಮೂರು ಡಬ್ಬಗಳಲ್ಲಿ ಹುಣಸೆಹಣ್ಣು, ಮೆಣಸಿನಪುಡಿ ಮತ್ತು ಹುರಿಗಡಲೆ. ನಾಲ್ಕನೆಯದರಲ್ಲಿ ಮನೆಯ ಎಲ್ಲ ಕಬ್ಬಿಣವೂ ಸೇರಿಕೊಂಡಿತ್ತು. ಹನ್ನೊಂದು ಉಳಿದ ಕತೆ ಶುರುವಾದದ್ದು ಇಲ್ಲಿಂದ.

ಜೋಡಿಸಿದ ಗಾಡಿ ಸ್ಟಾರ್ಟ್ ಆಗಲಿಲ್ಲ. ಕಿಕ್ ಹೊಡೆದು ಹೊಡೆದು ನನ್ನ ಬಲಗಾಲು ಎಡಗಾಲಿಗಿಂತ ದಪ್ಪವಾಗಿದೆ ಎಂದು ಅವ್ವ ಅಕ್ಕಪಕ್ಕದವರಿಗೆ ಹೇಳಿದಳು. ಕೊನೆಗೆ ಗೂಡ್ಸ್ ಆಟೋದಲ್ಲಿ ಮಲಗಿಸಿ, ಹಗ್ಗ ಬಿಗಿದು, ಮದ್ದೂರಿಗೆ ಒಯ್ದೆ. ಶಿವಪುರದ ಕಡೆ ಹೋಗುವ ರಸ್ತೆಯಲ್ಲಿ ವಯಸ್ಸಾದ ಒಬ್ಬ ಸಾಬರ ಗ್ಯಾರೇಜಿದೆ. ನಾನು ಅವರನ್ನು ಚಾಚಾ ಎನ್ನುತ್ತೇನೆ. ಅಪ್ಪನ ಕಾಲದ ಗಾಡಿಗಳನ್ನು ಬಲ್ಲವರು ಅವರೊಬ್ಬರೇ ಉಳಿದಿರುವುದು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಆಕಾಶ ನೋಡಿ, ಬಾಯಿಯ ಮೂಲೆಯಿಂದ ಕೇಳಿದರು.

“ಇದನ್ಯಾರು ಬಿಚ್ಚಿದ್ದು?”

ನನಗೆ ಒಳಗೊಳಗೇ ಖುಷಿಯಾಯಿತು. ನಾನು ಮಾಡುವ ಹಾಗೇ ಕೇಳಿದ್ದರು.

ಪ್ಲಾಸ್ಟಿಕ್ ಕವರಿನಲ್ಲಿದ್ದ ಹನ್ನೊಂದನ್ನು ಅವರ ಮುಂದೆ ಸುರಿದೆ. “ಇವು ಮಿಕ್ಕವು ಚಾಚಾ.”

“ಮಿಕ್ಕಾಕೆ ಇದೇನ್ ಮದ್ವೆ ಊಟನಾ?” ಎಂದು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. “ಇದು ಕುಕ್ಕರ್ ಹಿಡೀದು. ಇದು ಒಲಿಗೆ ಮಿಸನ್ದು. ಇದು ನೇಗ್ಲುದು. ಗಾಡೀದು ಇದ್ರಲ್ಲಿ ಒಂದೂ ಇಲ್ವಲ್ಲೋ.”

“ಮತ್ತೆ ಗಾಡೀವು?”

“ಅದ ನಾನ್ ಕೇಳ್ಬೇಕು.”

ಒಂದು ಗಾಡಿಯ ಸಾಮಾನು ಉಳಿಯಲೂ ಇಲ್ಲ, ಗಾಡಿಯಲ್ಲಿ ಇರಲೂ ಇಲ್ಲ ಎಂದರೆ ಎಲ್ಲಿ ಹೋಯಿತು ಎಂಬುದು ನನಗೆ ಈ ಹೊತ್ತಿಗೂ ಬಗೆಹರಿದಿಲ್ಲ. ಅವ್ವನ ಕುಕ್ಕರನ್ನು ಸರಿಯಾಗಿ ನೋಡಬೇಕು.

ಚಾಚಾ ಎಲ್ಲವನ್ನೂ ಮೊದಲಿನಿಂದ ಬಿಚ್ಚಿದರು. ನಾನು ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗಿ ಅವರ ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ದಿನ ಅವರು ಚಹಾ ಕುಡಿಯಲು ಹೋದಾಗ ಅವರ ಸ್ಟೂಲಿನ ಮೇಲೆ ಕೂತು ಅವರನ್ನೇ ಮಾಡುತ್ತಿದ್ದೆ. ಹಿಂದೆ ಬಂದು ನಿಂತಿದ್ದರು.

“ನಾನ್ ಅಂಗ್ ಮಾತಾಡಾಕಿಲ್ಲ,” ಎಂದರು. ಪಾನಾ ಕೈಗೆತ್ತಿಕೊಂಡು, “ಇನ್ನೊಂದ್ ಸಲ ಮಾಡು,” ಎಂದರು.

ಮೂರನೇ ವಾರಕ್ಕೆ ಗಾಡಿ ಸ್ಟಾರ್ಟ್ ಆಯಿತು. ಆ ಸದ್ದಿಗೆ ಎದುರಿನ ಅಂಗಡಿಯ ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗಿ ಮಾತಾಡಿದವು. ನನಗೆ ಅಲ್ಲೇ ಕುಣಿಯುವಷ್ಟಾಯಿತು. ಹತ್ತಿಕೊಂಡು ನಮ್ಮೂರಿಗೆಂದು ಮಳವಳ್ಳಿ ರಸ್ತೆ ಹಿಡಿದೆ. ಎರಡು ಮೈಲಿಗೆ ಕೆಮ್ಮಿ ನಿಂತಿತು. ಚಾಚಾ ಇನ್ನೊಂದು ಗಾಡಿಯಲ್ಲಿ ಹಿಂದೆಯೇ ಬಂದು ಕಾರ್ಬುರೇಟರ್ ಬಿಚ್ಚಿದರು. ತಳದಲ್ಲಿ ಬೂದು ಬಣ್ಣದ ನುಣ್ಣನೆಯ ಕೆಸರು. ತೊಳೆದು ಹಾಕಿದರು. ಮತ್ತೆ ಎರಡು ಮೈಲಿ. ಮತ್ತೆ ಅದೇ ಕೆಸರು.

ಆಮೇಲಿನ ಭಾನುವಾರಗಳೆಲ್ಲ ಹೀಗೇ. ಗಾಡಿಗೆ ಒಂದು ವಿಚಿತ್ರ ಗುಣವಿತ್ತು, ನೆಂಟರ ಮನೆ ಕಂಡ ಕಡೆಯೇ ನಿಲ್ಲುತ್ತಿತ್ತು. ಆ ರಸ್ತೆಯ ಉದ್ದಕ್ಕೂ ನಮಗೆ ಇಷ್ಟು ಜನ ಅತ್ತೆ ಮಾವಂದಿರು, ಷಡ್ಡಕರ ಷಡ್ಡಕರು ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಎಲ್ಲರೂ ಕಾಫಿ ಕೊಟ್ಟರು, ಎಲ್ಲರೂ ಒಂದೊಂದು ಕಾರಣ ಕೊಟ್ಟರು. ಒಬ್ಬರು ಪ್ಲಗ್ಗು ಅಂದರು. ಒಬ್ಬರು ಕಾಯಿಲ್ ಅಂದರು. ಒಬ್ಬ ಮಾವ ಗಾಡಿಯನ್ನು ಮುಟ್ಟದೆ, “ಇದು ಈಸಾನ್ಯಕ್ಕೆ ಮಖ ಮಾಡ್ಕಂಡ್ ನಿಂತಿತ್ತಾ ಕೊಟ್ಗೇಲಿ?” ಎಂದು ಕೇಳಿದರು. ಹೌದೋ ಅಲ್ಲವೋ ಎಂದು ನಾನು ಎರಡು ದಿನ ಯೋಚಿಸಿದೆ. ಪೆಟ್ರೋಲಿನದೇ ದೋಷವಿರಬೇಕೆಂದು ಒಮ್ಮೆ ಮಂಡ್ಯದಲ್ಲಿ, ಒಮ್ಮೆ ಮದ್ದೂರಿನಲ್ಲಿ, ಒಮ್ಮೆ ಮಳವಳ್ಳಿಯಲ್ಲಿ ಹಾಕಿಸಿದೆ. ಮೂರರಲ್ಲೂ ಅದೇ ಬೂದು ಕೆಸರು. ಹಾಗಾದರೆ ಪೆಟ್ರೋಲಿನದಲ್ಲ. ಟ್ಯಾಂಕನ್ನು ಎರಡು ಸಲ ತೊಳೆದಿದ್ದೆವು. ಒಳಗೆ ಬೆಳಕು ಬಿಟ್ಟು ನೋಡಿದರೆ ತಳವೆಲ್ಲ ಒಂದೇ ಸಮ ಬೂದು. ಅದು ಲೋಹದ ಬಣ್ಣವೇ ಇರಬೇಕೆಂದು ನಾವಿಬ್ಬರೂ ಒಪ್ಪಿಕೊಂಡಿದ್ದೆವು.

ಚಾಚಾ ಸೋಲೊಪ್ಪುವ ಮನುಷ್ಯರಲ್ಲ. ಕೆಸರನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು, ಉಜ್ಜಿ, ಮೂಸಿ, ಆಕಾಶ ನೋಡಿದರು. “ತುಕ್ಕಾದ್ರೆ ಕೆಂಪಗಿರ್ತದೆ ಮರಿ. ಮಣ್ಣಾದ್ರೆ ಗರಗರ ಅಂತದೆ. ಇದು ಎಲ್ಡೂ ಅಲ್ಲ. ಇಭೂತಿ ಇದ್ದಂಗದೆ.”

ಆ ಸಂಜೆ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಅವ್ವನಿಗೆ ಚಾಚಾನನ್ನು ಮಾಡಿ ತೋರಿಸುತ್ತಿದ್ದೆ. ಅಪ್ಪ ಒಳಗೆ ಟಿವಿಯಲ್ಲಿ ಸದ್ದಿಲ್ಲದ ವಾರ್ತೆ ನೋಡುತ್ತಿದ್ದ. ಅವ್ವ ಒಲೆಯ ಮುಂದೆ ಕೂತು, ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ಎರಡೂ ಕೈಯಿಂದ ಮುದ್ದೆ ಕೋಲು ತಿರುವುತ್ತ ನಗುತ್ತಿದ್ದಳು. ನಾನು ಬೆರಳು ಉಜ್ಜಿ, ಮೂಸಿ, ಆಕಾಶ ನೋಡಿ, “ಇಭೂತಿ ಇದ್ದಂಗದೆ” ಎಂದೆ. ಕೋಲು ನಿಂತಿತು.

“ಏನಂದ್ರು?”

“ಇಭೂತಿ.”

“ನುಣ್ಗಿತ್ತಾ?”

“ಹ್ಞೂ ಕಣವ್ವ.”

ಅವ್ವ ಮತ್ತೆ ತಿರುವತೊಡಗಿದಳು. ಮುಂಚಿಗಿಂತ ಜೋರಾಗಿ. ಮುದ್ದೆಯಲ್ಲಿ ಗಂಟು ಬಿದ್ದಾಗ ಮಾತ್ರ ಅವಳು ಅಷ್ಟು ಜೋರಾಗಿ ತಿರುವುವುದು. ಆಮೇಲೆ ಪಾತ್ರೆಯ ಒಳಗೆ ನೋಡಿಕೊಂಡೇ ಹೇಳಿದಳು.

“ಅದು ಬೂದಿ ಕಣ್ಲಾ.”

“ಯಾವ ಬೂದಿ?”

“ಒಲೆ ಬೂದಿ. ಬಿತ್ನೆ ರಾಗಿಗೆ ಬೆರ್ಸಿದ್ದೆ.”

ನನಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಬಿತ್ತನೆಗೆ ಎತ್ತಿಡುವ ರಾಗಿಗೆ ಹುಳ ಬೀಳಬಾರದೆಂದು ಬೂದಿ ಬೆರೆಸುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ರಾಗಿಗೂ ಗಾಡಿಗೂ ಏನು? ಅವ್ವನೇ ಬಿಡಿಸಿ ಹೇಳಿದಳು. ಒಂದು ವರ್ಷ ಇಲಿ ಕಾಟ ಬಹಳವಾಗಿತ್ತು. ಮಡಕೆಯ ಬಾಯಿ ಕಟ್ಟಿದ ಬಟ್ಟೆಯನ್ನೂ ಕಡಿದಿದ್ದವು. ಕೊಟ್ಟಿಗೆಯಲ್ಲಿ ನೋಡಿದರೆ ಗಾಡಿಯ ಟ್ಯಾಂಕು. ಗಟ್ಟಿ ತಗಡು, ಒತ್ತಿದರೆ ಕೂರುವ ಮುಚ್ಚಳ. ಪೇಪರು ಸುತ್ತಿ ಲಾಳಿಕೆ ಮಾಡಿಕೊಂಡು ರಾಗಿ ಸುರಿದಳು. ಐದಾರು ವರ್ಷ ನಮ್ಮ ಮನೆಯ ಬಿತ್ತನೆ ರಾಗಿಯೆಲ್ಲ ಅಪ್ಪನ ಗದ್ದೆ ಗಾಡಿಯ ಹೊಟ್ಟೆಯಲ್ಲೇ ಮಲಗಿ ಎದ್ದಿತ್ತು.

“ಒಂದ್ ಕಾಳೂ ಮುಟ್ಟಿರ್ಲಿಲ್ಲ ಇಲಿ,” ಎಂದಳು. ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು. “ಪೆಟ್ರೋಲ್ ವಾಸ್ನೆಗೆ ಉಳಾನೂ ಬರ್ಲಿಲ್ಲ.”

“ಎಲ್ಡ್ ತಿಂಗ್ಳಿಂದ ಒದ್ದಾಡ್ತಿದ್ದೀನಿ. ಏಳ್ಬಾರ್ದಾ?”

“ನೀನ್ ಕೇಳ್ದ್ಯಾ? ಫೋನ್ ಕೇಳ್ತಿದ್ದೆ, ಸಾಬ್ರ ಕೇಳ್ತಿದ್ದೆ, ನಿಮ್ ಮಾವ್ನ ಕೇಳ್ತಿದ್ದೆ. ನನ್ನೇನ್ ಕೇಳ್ದೆ? ಮುದ್ದೆ ಆಯ್ತಾ ಅಂತ ಕೇಳ್ದೆ.”

ಊಟಕ್ಕೆ ಕೂತೆ.

ಚಾಚಾನಿಗೆ ಹೇಳಿದಾಗ ಅವರು ಪಾನಾ ಕೆಳಗಿಟ್ಟರು. “ಟ್ಯಾಂಕಲ್ಲಿ ಹಲ್ಲಿ ನೋಡಿವ್ನಿ, ಜೇನುಗೂಡು ನೋಡಿವ್ನಿ. ರಾಗಿ ಇದೇ ಮೊದ್ಲು.” ಆಮೇಲೆ ಗಂಭೀರವಾಗಿ, “ಬಿತ್ತಿದ್ ರಾಗಿ ಮೊಳ್ತಿತ್ತಾ?” ಎಂದರು. ಮೊಳೆತಿತ್ತು. ಅದೇ ರಾಗಿಯ ಮುದ್ದೆ ತಿಂದು ನಾನು ಇಷ್ಟಾಗಿರುವುದು. ಹಾಗಾದರೆ ನನ್ನ ಬಾಯಲ್ಲಿ ಗಾಡಿಯ ಸದ್ದು ಬರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಚಾಚಾ ಹೇಳಿದರು. ಅವರು ತಮಾಷೆ ಮಾಡಿದರೋ ಇಲ್ಲವೋ ತಿಳಿಯಲಿಲ್ಲ.

ಬೂದಿ ಹಳೆಯ ಆಯಿಲಿನ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಸಾರಿಸಿದ ಹಾಗೆ ಅಂಟಿತ್ತು. ಗಾಡಿ ಕುಲುಕಿದಾಗಲೆಲ್ಲ ಸ್ವಲ್ಪ ಸ್ವಲ್ಪ ಎದ್ದು ಬರುತ್ತಿತ್ತು. ಬರೀ ತೊಳೆದರೆ ಹೋಗದು, ಒಳಗೆ ಏನಾದರೂ ಗಟ್ಟಿಯಾದದ್ದು ಹಾಕಿ ಕುಲುಕಬೇಕು ಎಂದರು ಚಾಚಾ. ಎದುರಿಗೇ ಇದ್ದ ಕವರಿನ ಕಡೆ ಇಬ್ಬರ ಕಣ್ಣೂ ಹೋಯಿತು. ಹನ್ನೊಂದನ್ನೂ ಟ್ಯಾಂಕಿಗೆ ಹಾಕಿ, ಬಿಸಿನೀರು, ಸೋಡಾಪುಡಿ ಸುರಿದು, ಆ ಕಡೆ ಅವರು ಈ ಕಡೆ ನಾನು ಹಿಡಿದು, ಅಳುವ ಕೂಸನ್ನು ಸಮಾಧಾನ ಮಾಡುವ ಹಾಗೆ ಒಂದು ಮಧ್ಯಾಹ್ನವೆಲ್ಲ ಕುಲುಕಿದೆವು. ನೀರು ಸಾರಿನ ಹಾಗೆ ಬಂತು, ಆಮೇಲೆ ತಿಳಿಯ ಹಾಗೆ ಬಂತು, ಕೊನೆಗೆ ಬರೀ ನೀರಾಗಿ ಬಂತು. ನಟ್ಟುಗಳನ್ನು ಸುರಿದು ಎಣಿಸಿದೆ. ಹನ್ನೆರಡು. ಮತ್ತೆ ಎಣಿಸಿದೆ. ಚಾಚಾ ಎಣಿಸಿದರು. ಹನ್ನೆರಡೇ.

“ಬುಡು ಮರಿ,” ಎಂದರು. “ಎಲ್ಲಾನೂ ತಿಳ್ಕಳಾಕೆ ಓಗ್ಬ್ಯಾಡ.”

ಮುಂದಿನ ಭಾನುವಾರ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಮದ್ದೂರು ಬಿಟ್ಟೆ. ಎರಡು ಮೈಲಿ ದಾಟಿತು. ಅತ್ತೆಯ ಮನೆ ದಾಟಿತು. ಈಶಾನ್ಯದ ಮಾವ ಬಾಗಿಲಲ್ಲಿ ನಿಂತು ಕಾಫಿ ಲೋಟ ಎತ್ತಿ ತೋರಿಸಿದರು, ಗಾಡಿ ನಿಲ್ಲಲಿಲ್ಲ. ಎರಡೂ ಕಡೆ ಕಬ್ಬು, ಮಧ್ಯೆ ಆ ಸದ್ದು. ನಾನು ಚಿಕ್ಕವನಿದ್ದಾಗ ಬಾಯಲ್ಲಿ ಮಾಡುತ್ತಿದ್ದದ್ದು ಈಗ ತೊಡೆಯ ಕೆಳಗೆ ತಾನಾಗಿಯೇ ಆಗುತ್ತಿತ್ತು. ದಾರಿಯುದ್ದಕ್ಕೂ ಒಂದೇ ಚಿತ್ರ ಕಾಣುತ್ತಿತ್ತು: ಗಾಡಿ ಅಂಗಳಕ್ಕೆ ನುಗ್ಗುತ್ತದೆ, ಅಪ್ಪ ತಟ್ಟನೆ ತಿರುಗುತ್ತಾನೆ, ಎರಡೂ ಕೈ ಮುಂದೆ ಚಾಚುತ್ತಾನೆ, ನಗುತ್ತಾನೆ.

ಗಾಡಿ ಅಂಗಳಕ್ಕೆ ನುಗ್ಗಿತು. ಅಪ್ಪ ಜಗಲಿಯ ಮೇಲೆ ಬೀದಿಗೆ ಬೆನ್ನು ಹಾಕಿ ಕೂತು ಅವರೆಕಾಯಿ ಬಿಡಿಸುತ್ತಿದ್ದ. ನಾನು ಅವನ ಹಿಂದೆ ಹತ್ತು ಅಡಿ ದೂರದಲ್ಲಿ ನಿಲ್ಲಿಸಿ ರೇಸು ಕೊಟ್ಟೆ. ನಾಯಿ ಓಡಿತು. ಪಕ್ಕದ ಮನೆಯವರು ಎದ್ದು ಬಂದರು. ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಜಗ್ಗಿತು. ಅಪ್ಪ ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿ ಇನ್ನೊಂದು ಕಾಯಿ ತೆಗೆದುಕೊಂಡ. ಇನ್ನೂ ರೇಸು ಕೊಟ್ಟೆ. ಹೆದರಿದ ಕೋಳಿಯೊಂದು ಹಾರಿ ಮೊರದೊಳಗೆ ಬಿತ್ತು. ಆಗ ಅಪ್ಪ ತಿರುಗಿದ.

“ಓ, ಬಂದ್ಯಾ,” ಎಂದ. “ಬಸ್ಸು ಸಿಗ್ಲಿಲ್ವಾ?”

ಮೂರು ಊರಿಗೆ ಕೇಳುವುದು ಒಬ್ಬನಿಗೆ ಕೇಳದೆ ಇರಬಹುದು ಎಂದು ನಾನು ಯೋಚಿಸಿರಲೇ ಇಲ್ಲ. ಆಕ್ಸಿಲರೇಟರ್ ಬಿಟ್ಟೆ. ಗಾಡಿ ನಿಂತಲ್ಲೇ ಸಣ್ಣಗೆ ಗುಡುಗುತ್ತಿತ್ತು. ಏನು ಮಾಡಬೇಕೆಂದು ತೋಚದೆ ನಾನೂ ಅದರ ಮೇಲೆ ಕೂತೇ ಇದ್ದೆ. ಇಳಿಯುವುದೋ, ಆಫ್ ಮಾಡುವುದೋ, ನಗುವುದೋ, ಯಾವುದೂ ಬರಲಿಲ್ಲ. ಅಪ್ಪ ಕೋಳಿಯನ್ನು ಎತ್ತಿ ಕೆಳಗೆ ಬಿಟ್ಟು, ಹತ್ತಿರ ಬಂದು, ಹೊಗೆ ನೋಡಿ, ಗಾಡಿಯ ಟ್ಯಾಂಕಿನ ಮೇಲೆ ಅಂಗೈ ಇಟ್ಟ. ಒಂದು ನಿಮಿಷ ಹಾಗೇ ಇದ್ದ. ಆಮೇಲೆ ಒಳಗೆ ಹೋದ.

ಕಿವಿ ಮೆಷಿನ್ನು ತರಲು ಹೋದನೆಂದುಕೊಂಡೆ. ಅವನು ಹೊರಗೆ ಬಂದಾಗ ಕೈಯಲ್ಲಿದ್ದದ್ದು ಮುದ್ದೆ ಕೋಲು. ಹಿಂದೆಯೇ ಅವ್ವ.

“ಎಸ್ರು ಇಟ್ಟಿವ್ನಿ, ಕೋಲ್ ಯಾಕೆ ಎತ್ಕಂಡ್ ಓಯ್ತೀಯಾ?” ಎಂದು ಕೂಗಿದಳು. ಅದೂ ಅವನಿಗೆ ಕೇಳಲಿಲ್ಲ.

ಅಪ್ಪ ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಕೋಲಿನ ಒಂದು ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿದ. ಎಡಗೈ ಟ್ಯಾಂಕಿನ ಮೇಲಿತ್ತು.

“ಡ್ಯೂಟೀಲಿ ಇಂಗೇ ಕೇಳ್ತಿದ್ದೊ,” ಎಂದ, ಕಣ್ಣು ತೆಗೆಯದೆ. “ಅಷ್ಟ್ ಸದ್ದೊಳ್ಗೆ ಬರೀ ಕಿವೀಲಿ ಏನ್ ಕೇಳ್ತದೆ? ಮೆಷಿನ್ಗೆ ಕೋಲ್ ಇಟ್ರೆ ಒಳ್ಗಿಂದು ಒಳ್ಗೇ ಬತ್ತದೆ.”

ಕೋಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗಿಸಿದ. ದನದ ಡಾಕ್ಟರು ಎಮ್ಮೆಯ ಹೊಟ್ಟೆ ಮುಟ್ಟುವಾಗಲೂ ಮುಖ ಹೀಗೇ ಇರುತ್ತದೆ.

“ಬಲ್ಗಡೆ ಬೇರಿಂಗು ವಸಿ ಅಳ್ತಾ ಅದೆ. ಇನ್ನೊಂದ್ ವರ್ಸ ಬತ್ತದೆ ಬುಡು.” ಕೋಲನ್ನು ಇನ್ನಷ್ಟು ಒತ್ತಿ, “ಅದೇ ಗಾಡಿ,” ಎಂದ.

ಅವನ ಮುಖದಲ್ಲಿ ಏನೋ ಸಡಿಲವಾಗತೊಡಗಿತ್ತು. ಇನ್ನೇನು ನಗುತ್ತಾನೆ ಎನ್ನುವಷ್ಟರಲ್ಲಿ ಗಾಡಿ ಎರಡು ಸಲ ಮುಗ್ಗರಿಸಿ ನಿಂತುಹೋಯಿತು. ಪೆಟ್ರೋಲು ಮುಗಿದಿತ್ತು. ದಾರಿಯಲ್ಲಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲವೇನೋ ಎಂಬ ಭಯಕ್ಕೆ ಬಂಕಿನ ಹತ್ತಿರವೂ ನಿಲ್ಲಿಸದೆ ಬಂದಿದ್ದೆ.

ಅಪ್ಪ ಕಣ್ಣು ತೆಗೆದಿರಲಿಲ್ಲ. ಆಗ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆ ಎಂದು ಹೇಳಲಾರೆ. ಸೀಟಿನಿಂದ ಜಾರಿ, ಮಂಡಿಯೂರಿ, ಕೋಲಿನ ನಡುಭಾಗಕ್ಕೆ ಹಲ್ಲು ಕೊಟ್ಟು ಕಚ್ಚಿಕೊಂಡು, ಗಂಟಲಿನಿಂದ ಗಾಡಿಯ ಸದ್ದು ಶುರುಮಾಡಿದೆ. ಸಣ್ಣ ಗುಡುಗು. ಆಮೇಲೆ ಒಂದನೇ ಗೇರು. ಎರಡನೆಯದು. ಬಾಯಲ್ಲಿ ರಾಗಿಯ ರುಚಿ, ಆಯಿಲಿನ ರುಚಿ. ಪಕ್ಕದ ಮನೆಯವರು ನೋಡುತ್ತಿದ್ದರು, ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ನಾನು ನಾಲೆ ಏರಿ ಹತ್ತಿ, ದೂರ ಹೋಗಿ, ತೆಳ್ಳಗಾಗತೊಡಗಿದ್ದೆ. ಕೋಲು ಅಲುಗತೊಡಗಿತು. ಅಪ್ಪನ ಹೊಟ್ಟೆ ಕುಣಿಯುತ್ತಿತ್ತು.

“ಸಾಕು ಬುಡ್ಲಾ,” ಎಂದ, ಕಣ್ಣು ಮುಚ್ಚಿಕೊಂಡೇ. “ಎಂಜ್ಲ್ ಮಾಡ್ಬ್ಯಾಡ, ನಿಮ್ಮವ್ವ ಬಯ್ತಾಳೆ. ಪೆಟ್ರೋಲ್ ಮುಗ್ದು ಆಗ್ಲೇ ಎಷ್ಟೊತ್ತಾಯ್ತು.”

ಟ್ಯಾಂಕಿನ ಮೇಲಿದ್ದ ಕೈಯನ್ನು ನಾನು ಗಮನಿಸಿದ್ದು ಆಗಲೇ. ಗಾಡಿ ನಿಂತದ್ದು ಅವನಿಗೆ ನನಗಿಂತ ಮುಂಚೆಯೇ ತಿಳಿದಿತ್ತು. ಹಾಗಾದರೆ ಅವನು ನಕ್ಕದ್ದು ಯಾವುದಕ್ಕೆ? ನನ್ನ ಸದ್ದು ಕೋಲಿನಲ್ಲಿ ಹರಿದು ಅವನ ಮೂಳೆಗೆ ಮುಟ್ಟಿತೇ, ಅಥವಾ ಮುದ್ದೆ ಕೋಲು ಕಚ್ಚಿಕೊಂಡು ಮಂಡಿಯೂರಿದ ಮಗನನ್ನು ರೆಪ್ಪೆಯ ಸಂದಿಯಿಂದ ನೋಡಿಬಿಟ್ಟಿದ್ದನೇ? ಕೇಳಿದೆ. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದವನ ಹಾಗೆ ಮಾಡಿದ. ಆ ವಿದ್ಯೆ ನನಗೆ ಯಾರಿಂದ ಬಂತು ಎಂಬುದು ಮಾತ್ರ ಗೊತ್ತಾಯಿತು.

“ಎಲ್ಡ್ನೇ ಗೇರಲ್ಲಿ ವಸಿ ತಡವರ್ಸ್ತಿತ್ತು ಅದು,” ಎಂದ ಅಪ್ಪ. “ನೀನ್ ಮಾಡ್ದಾಗ ಅದು ಬರ್ಲಿಲ್ಲ.”

ಕೋಲನ್ನು ಲುಂಗಿಗೆ ಒರೆಸಿ, ತುದಿಯನ್ನು ಮತ್ತೆ ಕಿವಿಯ ಹಿಂದಕ್ಕೆ ಇಟ್ಟುಕೊಂಡ. ಈ ಸಲ ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲಿಡಲಿಲ್ಲ, ನನ್ನ ಕಡೆ ಚಾಚಿದ.

“ಇನ್ನೊಂದ್ ಸಲ ಮಾಡು.”

“ಎಸ್ರು ಉಕ್ತಾ ಅದೆ, ಕೋಲ್ ಕೊಡ್ರಪ್ಪ ಮೊದ್ಲು,” ಎಂದಳು ಅವ್ವ. ನನ್ನ ಬಾಯಿ ಆಗಲೇ ತುಂಬಿತ್ತು.